ಸೆಗಣಿ ಬೇರೆ, ಹಿಕ್ಕೆ ಬೇರೆ

ಸೆಗಣಿ ಕರಗುವುದನ್ನೇ ನಿಲ್ಲಿಸಿಬಿಟ್ಟರೆ ಏನಾದೀತು? ನಗಬೇಡಿ ಸ್ವಾಮಿ, ಓಬಮ್ಮನ ಕಾಲಕ್ಕೆ ಅದು ನಿಂತೇ ಹೋಗಿತ್ತು.

ಅಷ್ಟು ಹೊತ್ತಿಗೆ ನಾಡಿನ ದನಗಳಲ್ಲಿ ಮುಕ್ಕಾಲು ಪಾಲು ಒಂಬತ್ತು ಅಂತಸ್ತಿನ ಕಟ್ಟಡಗಳನ್ನು ಸೇರಿದ್ದವು. ಸರ್ಕಾರದ ಕಾಗದದಲ್ಲಿ ಆ ಕಟ್ಟಡಕ್ಕೆ ಮೊಳದುದ್ದದ ಹೆಸರಿತ್ತು, ಜನ ಮಾತ್ರ ಕೊಟ್ಟಿಗೆಮಹಡಿ ಎನ್ನುತ್ತಿದ್ದರು. ಅಲ್ಲಿ ದನಕ್ಕೆ ಬೆಳಗ್ಗೆ ಸಂಜೆ ಗುಳಿಗೆಯಂಥ ಮೇವು, ತಿಂಗಳಿಗೊಂದು ಸೂಜಿ. ಹುಲ್ಲು ಮೂಸಿಯೂ ನೋಡುವಂತಿಲ್ಲ. ಹುಲ್ಲೇ ಇಲ್ಲವೆಂದ ಮೇಲೆ ಹುಲ್ಲಿಗೆ ಅಂಟಿಕೊಂಡು ಹೊಟ್ಟೆ ಸೇರಬೇಕಾದ ಅಣಬೆಯ ಬೀಜಕಣಗಳು ಎಲ್ಲಿಂದ ಬರಬೇಕು? ಸೆಗಣಿಯೇನೋ ಬೀಳುತ್ತಿತ್ತು. ಆದರೆ ಬಿದ್ದದ್ದು ಬಿದ್ದ ಹಾಗೇ ಒಣಗಿ, ಗಟ್ಟಿಯಾಗಿ, ವರ್ಷಗಟ್ಟಲೆ ಕೂತಿರುತ್ತಿತ್ತು. ಹೊಲಕ್ಕೆ ಹಾಕಿದರೆ ಮಣ್ಣಿಗೆ ಸೇರುತ್ತಿರಲಿಲ್ಲ. ಜನ ಬುದ್ಧಿವಂತರು, ಅದರಲ್ಲೇ ಕಾಂಪೌಂಡು ಕಟ್ಟಿಕೊಂಡರು, ಬಸ್‌ಸ್ಟ್ಯಾಂಡಿನಲ್ಲಿ ಕೂರುವುದಕ್ಕೆ ಜಗಲಿ ಮಾಡಿಕೊಂಡರು. ಸೆಗಣಿ ತುಳಿದರೆ ಕಾಲು ಜಾರುವ ಕಾಲ ಹೋಗಿ, ಎಡವಿದರೆ ಉಗುರು ಕಿತ್ತುಬರುವ ಕಾಲ ಬಂತು.

ಅನಾಹುತ ಅರ್ಥವಾಗುವ ಹೊತ್ತಿಗೆ ಬಯಲಲ್ಲಿ ಮೇಯುವ ದನ ಉಳಿದಿದ್ದದ್ದು ಬೆರಳೆಣಿಕೆಯ ಕಾವಲುಗಳಲ್ಲಿ. ಅದರಲ್ಲೊಂದು ಚಳ್ಳಕೆರೆ ಸೀಮೆಯ ತಂಗಡಿಹಟ್ಟಿಯ ಹುಲ್ಲುಗಾವಲು. ಅಲ್ಲಿ ಅರವತ್ತೆರಡು ದೇವರ ಎತ್ತುಗಳಿದ್ದವು. ದೇವರಿಗೆ ಬಿಟ್ಟ ಎತ್ತುಗಳೆಂದರೆ ನೊಗ ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ, ಮೇಯಿಸಿಕೊಂಡು ಕಾಪಾಡಬೇಕು. ಕಾಪಾಡುವವನಿಗೆ ಕಿಲಾರಿ ಎನ್ನುತ್ತಾರೆ. ತಂಗಡಿಹಟ್ಟಿಯ ಕಿಲಾರಿ ಪಾಲಯ್ಯ, ಓಬಮ್ಮನ ಅಪ್ಪ.

ಓಬಮ್ಮ ಇದ್ದದ್ದು ಚಳ್ಳಕೆರೆಯ ಆಲಿಸುವ ಕೋಣೆಯಲ್ಲಿ. ಕೆಲಸ ಏನೆಂದು ಯಾರಾದರೂ ಕೇಳಿದರೆ "ಸೆಗಣಿ ಮಾತಾಡೋದನ್ನ ಕೇಳಿಸ್ಕಂತೀನಿ" ಎನ್ನುತ್ತಿದ್ದಳು. ಕೇಳಿದವರು ತಿರುಗಿ ಎರಡನೇ ಪ್ರಶ್ನೆ ಹಾಕುತ್ತಿರಲಿಲ್ಲ. ಆದರೆ ಅವಳು ಹೇಳಿದ್ದು ನಿಜ. ಕಾವಲಿನ ತುಂಬ ನಾನೂರು ಗೂಟಗಳನ್ನು ನೆಟ್ಟಿದ್ದರು, ಗೇಣುದ್ದದವು, ತುದಿಯಲ್ಲಿ ಕಾಳಿನಷ್ಟು ಕಿವಿ. ಊರಿನವರು ಅದನ್ನು ಕಿವಿಗೂಟ ಎಂದು ಕರೆದರು, ಆಮೇಲೆ ಅಧಿಕಾರಿಗಳೂ ಹಾಗೇ ಕರೆಯತೊಡಗಿದರು.

ಕೇಳಿಸಿಕೊಳ್ಳುವುದೇನು ಅಂತೀರಾ? ಸೆಗಣಿಯ ಅಣಬೆಗೆ ಒಂದು ಪೇಚಾಟವಿದೆ. ಅದರ ಬೀಜಕಣ ಮತ್ತೆ ದನದ ಹೊಟ್ಟೆ ಸೇರಬೇಕು. ಆದರೆ ದನ ತಾನು ಹಾಕಿದ ಸೆಗಣಿಯ ಪಕ್ಕದ ಹುಲ್ಲಿಗೆ ಬಾಯಿ ಹಾಕುವುದಿಲ್ಲ, ಅಷ್ಟು ಮರ್ಯಾದೆ ಅದಕ್ಕೂ ಇದೆ. ಹಾಗಾಗಿ ಅಣಬೆ ತನ್ನ ಬೀಜಕಣವನ್ನು ದೂರದ ಹುಲ್ಲಿಗೆ ಎಸೆಯಬೇಕು. ಒಂದು ಅಣಬೆ ಗಾಜಿನ ಮಣಿಯಂಥ ಚೀಲದಲ್ಲಿ ನೀರು ತುಂಬಿಕೊಂಡು, ಬೆಳಕಿನ ಕಡೆ ಗುರಿಯಿಟ್ಟು, ಚೀಲ ಒಡೆದು ತಲೆಯ ಮೇಲಿನ ಕರಿಟೋಪಿಯನ್ನು ಎರಡಾಳು ದೂರ ಹಾರಿಸುತ್ತದೆ. ಓಬಮ್ಮ ಅದಕ್ಕೆ ಟೋಪಿತೂರ ಎಂದು ಹೆಸರಿಟ್ಟಿದ್ದಳು. "ಲೋಕದಲ್ಲಿ ಟೋಪಿ ಹಾಕೋರೇ ಎಲ್ಲಾ, ಎಸೆಯೋನು ಇವನೊಬ್ನೇ" ಎಂದು ನಗುತ್ತಿದ್ದಳು. ಇನ್ನೊಂದು ಎಂಟೆಂಟು ಕಣಗಳನ್ನು ಒಟ್ಟಿಗೆ ಉಗುಳುತ್ತದೆ. ಗುಂಡುತೂರ ಎಂಬುದು ಬಂದೂಕಿನ ಹಾಗೆ ಇಡೀ ಗುಂಡನ್ನೇ ಹೊಡೆಯುತ್ತದೆ. ಮತ್ತೊಂದು ಮಸಿಛತ್ರಿ, ಬೆಳಗ್ಗೆ ಬಿಚ್ಚಿ ಮಧ್ಯಾಹ್ನಕ್ಕೆ ಕಪ್ಪು ಮಸಿಯಾಗಿ ತೊಟ್ಟಿಕ್ಕುತ್ತದೆ. ಒಂದೊಂದಕ್ಕೆ ಒಂದೊಂದು ಸದ್ದು. ಕಿವಿಗೂಟ ಅದನ್ನು ಹಿಡಿಯುತ್ತದೆ, ಕೋಣೆಯ ಯಂತ್ರ ಯಾವುದು ಯಾರದೆಂದು ಎಣಿಸುತ್ತದೆ.

ಸದ್ದು ಹೆಚ್ಚಿದಷ್ಟೂ ಸೆಗಣಿ ಬೇಗ ಕರಗುತ್ತದೆ. ಇದೊಂದು ಊಟದ ಪಂಕ್ತಿಯ ಲೆಕ್ಕ. ಮೊದಲ ಪಂಕ್ತಿಯವು ಸಿಹಿಯನ್ನೆಲ್ಲ ತಿಂದು ಏಳುತ್ತವೆ, ಎರಡನೆಯವು ನಾರಿಗೆ ಕೈಹಾಕುತ್ತವೆ, ಕೊನೆಯಲ್ಲಿ ಕೂತವು ಎಲೆಯನ್ನೂ ಬಿಡುವುದಿಲ್ಲ. ಒಂದು ಪಂಕ್ತಿ ತಪ್ಪಿದರೂ ಊಟ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಸರ್ಕಾರ ಕಾನೂನು ಮಾಡಿತ್ತು: ಐದು ವರ್ಷಕ್ಕೊಮ್ಮೆ ಸಮಿತಿ ಬರುತ್ತದೆ, ಒಂದೇ ಬೆಳಗಿನಲ್ಲಿ ಮೂವತ್ತು ಬಗೆಯ ಅಣಬೆ ಕೇಳಿಸಿದರೆ ಕಾವಲು ಜೀವಂತ, ದನ ಮೇಯಬಹುದು. ಇಪ್ಪತ್ತೊಂಬತ್ತಾದರೂ ಕಾವಲಿಗೆ ಬೇಲಿ, ದನಗಳು ಕೊಟ್ಟಿಗೆಮಹಡಿಗೆ.

"ದೇವರ ಎತ್ತು ಲಿಫ್ಟಿನಾಗೆ ಹೋಗಾದಾ?" ಎಂದು ಪಾಲಯ್ಯ ಕಾನೂನು ಕೇಳಿದ ದಿನ ನಕ್ಕಿದ್ದ. ಆಮೇಲೆ ನಗು ನಿಂತು, "ಅವು ಹೋದ್ರೆ ನಾನೂ ಹೋಗ್ತೀನಿ ಮಗಾ. ಏಳನೇ ಮಹಡಿನಾಗೆ ಚಾಪೆ ಹಾಸ್ಕಂಡು ಬಿದ್ಕಂತೀನಿ. ಅವನ್ನ ಬಿಟ್ಟು ನಂಗೆ ಇನ್ನೇನೈತೆ?" ಎಂದಿದ್ದ. ಆ ಮಾತು ಓಬಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಆದರೂ ಈ ವರ್ಷ ಅವಳಿಗೆ ಭಯವಿರಲಿಲ್ಲ. ಉತ್ತರೆ ಮಳೆ ಹದವಾಗಿ ಬಿದ್ದಿತ್ತು. ಹೋದ ತಿಂಗಳ ಎಣಿಕೆ ಮೂವತ್ನಾಲ್ಕು. ಎತ್ತು, ಕುರಿ, ಆಡು, ಕತ್ತೆ, ಮೊಲ, ಕೃಷ್ಣಮೃಗ ಎಲ್ಲವೂ ಅದೇ ಕಾವಲಿನಲ್ಲಿ ಮೇಯುತ್ತಿದ್ದವು, ಒಂದೊಂದು ಪ್ರಾಣಿಯದರ ಮೇಲೂ ಅದರದೇ ಅಣಬೆ ಏಳುತ್ತಿತ್ತು. ಸಮಿತಿ ಮುಂದಿನ ಗುರುವಾರ ಬರುವುದೆಂದು ಪತ್ರ ಬಂದ ಕೂಡಲೇ ಅವಳು ಮನೆಗೆ ಫೋನ್ ಮಾಡಿದಳು.

ಎತ್ತಿಕೊಂಡದ್ದು ಅತ್ತೆ ಸಣ್ಣಬೋರಮ್ಮ. ಬರೀ ಅತ್ತೆಯಲ್ಲ, ಸೋದರತ್ತೆ, ಪಾಲಯ್ಯನ ಅಕ್ಕ. ಊರ ಹೆಂಗಸರಿಗೆಲ್ಲ ಅವಳೇ ಯಜಮಾನಿ. ಅವಳು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

"ಅತ್ತೆ, ಗುರುವಾರ ದೊಡ್ಡ ಮನುಷ್ಯರು ಬತ್ತಾರೆ. ಕಾವಲು ನೋಡಾಕೆ."

"ಬರ್ಲಿ ಕಣೇ. ನಾವೇನು ನೆಂಟ್ರಿಗೆ ಒಂದು ಹೊತ್ತು ಇಕ್ಕದಂಗಾಗಿದ್ದೀವಾ?"

"ಊಟದ ಮಾತಲ್ಲ. ಕಾವಲಿನಾಗೆ ಸೆಗಣಿ ಯಾರೂ ಮುಟ್ಟಬಾರ್ದು. ಬಿದ್ದದ್ದು ಬಿದ್ದಂಗೇ ಇರ್ಬೇಕು. ಕುಳ್ಳು ತಟ್ಟಾಕೂ ತರಬ್ಯಾಡ್ರಿ. ಎಲ್ಲರಿಗೂ ಹೇಳು."

"ಸೆಗಣಿ ಮುಟ್ಟಬಾರ್ದು. ಆತು. ನನ್ನ ಮಾತು ಮೀರಿ ಯಾರು ಮುಟ್ತಾರೆ ನಾನೂ ನೋಡ್ತೀನಿ."

ಓಬಮ್ಮ ನಿಶ್ಚಿಂತೆಯಿಂದ ಫೋನ್ ಇಟ್ಟಳು. ಅತ್ತೆಗೆ ಒಂದು ಮಾತು ಹೇಳಿದರೆ ಊರಿಗೆ ಡಂಗುರ ಸಾರಿದ ಹಾಗೆ.

ವಾರದ ಕೊನೆಗೆ ಎಣಿಕೆ ಇಳಿಯಿತು. ಶನಿವಾರ ಇಪ್ಪತ್ತಾರು, ಭಾನುವಾರ ಇಪ್ಪತ್ತೆರಡು. ಬಿಸಿಲು ಜೋರಾಗಿತ್ತು, ಮೇಲಿನ ಪದರ ಒಣಗಿರಬೇಕು, ಮಂಜು ಬಿದ್ದರೆ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೋಮವಾರ ಹತ್ತೊಂಬತ್ತಕ್ಕೆ ಬಂದದ್ದು ಬುಧವಾರ ಬೆಳಗ್ಗೆಯೂ ಮೇಲೇಳಲಿಲ್ಲ. ಪರದೆಯ ಮೇಲೆ ಎತ್ತುಗಳು ಓಡಾಡುವ ಕಡೆಯ ಗೂಟಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು. ಕುರಿ ಅಡ್ಡಾಡುವ ದಾರಿ, ಕತ್ತೆ ಕಟ್ಟುವ ಜಾಗ, ಕೃಷ್ಣಮೃಗ ನಿಲ್ಲುವ ದಿಬ್ಬ, ಅಲ್ಲೆಲ್ಲ ಗೂಟಗಳು ಮೌನ.

"ಅಕ್ಕಾ! ಓಬಕ್ಕಾ! ಇಲ್ಲಿ ಬನ್ನಿ ಬೇಗ!"

ಕೂಗಿದವನು ವಾಜಿದ್, ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಯಂತ್ರಕ್ಕೆ ಗುರುತು ಹತ್ತದ ಸದ್ದುಗಳು ಬೇರೊಂದು ಕಡತಕ್ಕೆ ಹೋಗಿ ಬೀಳುತ್ತವೆ. ವಾರಕ್ಕೊಮ್ಮೆ ಯಾರಾದರೂ ಅದನ್ನು ತೆರೆದು ನೋಡಬೇಕು. ವಾಜಿದ್ ಈಗ ತೆರೆದಿದ್ದ, ಅವನ ಮುಖ ಹಬ್ಬವಾಗಿತ್ತು.

"ಹೊಸ ಜಾತಿ ಅಕ್ಕ! ಯಾವ ಪುಸ್ತಕದಲ್ಲೂ ಇಲ್ಲ. ಶುಕ್ರವಾರ ಕುರಿ ದಾರೀಲಿ ಶುರುವಾಗೈತೆ, ಶನಿವಾರ ಕತ್ತೆ ಜಾಗಕ್ಕೆ ಬಂದೈತೆ, ಭಾನುವಾರ ದಿಬ್ಬ ಹತ್ತೈತೆ. ಇಷ್ಟು ಬೇಗ ಹರಡೋ ಅಣಬೆ ಲೋಕದಲ್ಲೇ ಇಲ್ಲ! ಮಿಕ್ಕಿದ್ದನ್ನೆಲ್ಲ ಇದೇ ತಿಂದು ಹಾಕಿರ್ಬೇಕು. ನಮ್ಮಮ್ಮನ ಹೆಸರು ಇಡಾಣ ಅಂತಿದೀನಿ."

ಓಬಮ್ಮ ಕಿವಿಗೆ ಹಾಕಿಕೊಂಡು ಕೇಳಿದಳು. ಸರ್... ಸರ್... ಸರ್... ಒಂದು ಕ್ಷಣ ಬಿಡುವು, ಟಕ್ ಟಕ್ ಎಂದು ಎರಡು ಸಲ ಬಡಿದ ಸದ್ದು, ಮತ್ತೆ ಸರ್... ಸರ್... ಈ ಸದ್ದನ್ನು ಅವಳು ಹುಟ್ಟಿದಂದಿನಿಂದ ಕೇಳಿದ್ದಳು.

"ವಾಜಿದಣ್ಣ," ಎಂದಳು, "ಇದು ಅಣಬೆ ಅಲ್ಲ ಮಾರಾಯ. ಪೊರಕೆ!"

ಸಿಕ್ಕಿದ ಮೊದಲ ಬಸ್ಸಿಗೇ ಓಡಿದಳು. ತಂಗಡಿಹಟ್ಟಿಯಲ್ಲಿ ಇಳಿದು ಕಾವಲಿನ ಅಂಚಿಗೆ ಬಂದು ನಿಂತವಳು ಹಾಗೇ ನಿಂತುಬಿಟ್ಟಳು. ಕುರಿ ದಾರಿ ಮದುವೆ ಮನೆಯ ಅಂಗಳದಷ್ಟು ಚೊಕ್ಕಟವಾಗಿತ್ತು. ಒಂದು ಹಿಕ್ಕೆ ಹುಡುಕಿದರೂ ಸಿಗುವಂತಿರಲಿಲ್ಲ. ಕತ್ತೆ ಕಟ್ಟುವ ಜಾಗದಲ್ಲಿ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದರು. ಕಿವಿಗೂಟಗಳನ್ನು ಒರೆಸಿ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಎತ್ತಿನ ಸೆಗಣಿ ಮಾತ್ರ ಅಲ್ಲಲ್ಲೇ ಇತ್ತು, ಯಾರೂ ಬೆರಳು ಸೋಕಿಸಿರಲಿಲ್ಲ.

ಸಣ್ಣಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಬಂದಳು. "ಹೆಂಗೈತೆ? ಇಪ್ಪತ್ತು ಜನ ಮೂರು ದಿನ ಗುಡಿಸಿದ್ದೀವಿ. ಆಮ್ಯಾಲೆ ದಿನಾ ಬಿದ್ದಿದ್ದು ದಿನಾ ಎತ್ತಿದ್ದೀವಿ. ಪಟ್ಟಣದೋರ ಕಾಲಿಗೆ ಒಂದು ಹರಳೂ ಹತ್ತಲ್ಲ."

"ಅತ್ತೇ! ಮುಟ್ಟಬ್ಯಾಡ್ರಿ ಅಂತ ಬಡ್ಕಂಡಿದ್ನಲ್ಲ!"

"ಮುಟ್ಟಿಲ್ವಲ್ಲ. ಅಗಾ ನೋಡು, ಸೆಗಣಿ ಎಲ್ಲಾ ಅಂಗೇ ಬಿದ್ದೈತೆ."

"ಮತ್ತೆ ಕುರೀದು? ಕತ್ತೇದು? ಮೊಲದ್ದು?"

ಸಣ್ಣಬೋರಮ್ಮ ಸೋದರಸೊಸೆಯ ಮುಖವನ್ನು ಮರುಕದಿಂದ ನೋಡಿದಳು. ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬ ಮರುಕ. "ಹಿಕ್ಕೆ ಎಲ್ಲಿ ಸೆಗಣಿ ಆತು? ಕತ್ತೇದು ಲದ್ದಿ. ಕುರೀದು, ಮೊಲದ್ದು ಹಿಕ್ಕೆ. ಸೆಗಣಿ ಅಂದ್ರೆ ದನದ್ದು. ಇದನ್ನೂ ನಾನು ಹೇಳ್ಕೊಡ್ಬೇಕಾ?"

ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹತ್ತು ವರ್ಷ ಆ ಕೋಣೆಯಲ್ಲಿ ಕೂತು ಕೂತು, ಎಲ್ಲ ಪ್ರಾಣಿಯದನ್ನೂ ಒಂದೇ ಹೆಸರಿನಲ್ಲಿ ಬರೆದೂ ಬರೆದೂ, ಅವಳ ನಾಲಿಗೆಯೇ ಹುಟ್ಟೂರಿನ ಮಾತು ಮರೆತಿತ್ತು. ತಪ್ಪು ತನ್ನದೇ ಎಂದು ಗೊತ್ತಾದಾಗ ಬರುವ ಸಿಟ್ಟಿದೆಯಲ್ಲ, ಅದು ಯಾವಾಗಲೂ ಎದುರಿಗಿದ್ದವರ ಮೇಲೇ ಬೀಳುತ್ತದೆ.

"ನಿಮ್ಮ ಪೊರಕೆಗೆ ಬೆಂಕಿ ಬೀಳ! ಅಪ್ಪನ ಎತ್ತುಗಳ ಬಾಯಿಗೆ ಮಣ್ಣು ಹಾಕಿದ್ರಲ್ಲ! ಯಾರು ನಿಮಗೆ ಗುಡಿಸು ಅಂದೋರು?"

ಸಣ್ಣಬೋರಮ್ಮನ ಮುಖ ಬಿಗಿಯಿತು. ಹಿಂದೆ ನಿಂತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. "ಸೊಂಟ ಮುರಿಯಾಂಗೆ ಗುಡಿಸಿದ್ಕೆ ಒಳ್ಳೇ ಮಾತು ಕೊಟ್ಟೆ ಕಣವ್ವ. ಇನ್ನು ನಿನ್ನ ಕೂಡ ಮಾತಾಡಿದ್ರೆ ನನ್ನ ಹೆಸರು ಬೋರಮ್ಮ ಅಲ್ಲ" ಎಂದು ಹೊರಟೇಹೋದಳು. ಗುಡಿಸಿದ್ದನ್ನು ಎಲ್ಲಿ ಹಾಕಿದಿರಿ ಎಂದು ಓಬಮ್ಮ ಉಳಿದವರನ್ನು ಕೇಳಿದರೆ, ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. "ಬೋರಕ್ಕನ್ನೇ ಕೇಳವ್ವ" ಎಂದು ಅವರೂ ಜಾಗ ಖಾಲಿ ಮಾಡಿದರು. ಯಜಮಾನಿ ಬಾಯಿ ಕಟ್ಟಿದರೆ ಊರೇ ಬಾಯಿ ಕಟ್ಟುತ್ತದೆ. ಹೊಲಗಳಿಗೆ ಹರಡಿ ಉತ್ತುಬಿಟ್ಟಿರುತ್ತಾರೆ ಎಂದುಕೊಂಡಳು ಓಬಮ್ಮ.

ಪಾಲಯ್ಯ ಮಗಳ ಮಾತನ್ನೆಲ್ಲ ಕೇಳಿದ. ಎತ್ತುಗಳ ರೊಪ್ಪದ ಮುಳ್ಳುಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತನ್ನ ಎರಡು ಪಂಚೆ, ಒಂದು ಕಂಬಳಿಯನ್ನು ಮಡಿಸಿ ಚೀಲಕ್ಕೆ ತುರುಕಿದ. "ಅಲ್ಲಿ ಚಳಿ ಇರ್ತೈತೇನವ್ವ?" ಎಂದು ಕೇಳಿದ. ಓಬಮ್ಮನಿಗೆ ಅಳು ತಡೆಯಲಾಗಲಿಲ್ಲ.

ಗುರುವಾರ ಬೆಳಗ್ಗೆ ಏಳಕ್ಕೆಲ್ಲ ಸಮಿತಿ ಬಂತು. ಮುಖ್ಯಸ್ಥೆ ಡಾಕ್ಟರ್ ಗಾಂವಕರ್, ಅರವತ್ತರ ಹತ್ತಿರದ ಹೆಂಗಸು, ದಪ್ಪ ಕನ್ನಡಕ, ಮಾತು ಅಳೆದು ತೂಗಿ. ಜೊತೆಗೆ ಇಬ್ಬರು ಸಹಾಯಕರು, ಅವರದೇ ಕಿವಿಗೂಟಗಳ ಪೆಟ್ಟಿಗೆ. ಎತ್ತಿನ ಸೆಗಣಿಯಲ್ಲಿ ಗೂಟ ನೆಟ್ಟರು. ಕೈಯಲ್ಲಿದ್ದ ಫಲಕದ ಮೇಲೆ ಅಂಕಿ ಏರಿತು: ಏಳು, ಹನ್ನೊಂದು, ಹದಿನಾರು, ಹತ್ತೊಂಬತ್ತು. ಅಲ್ಲಿಗೆ ನಿಂತಿತು. ಅರ್ಧ ಗಂಟೆಯಾದರೂ ಹತ್ತೊಂಬತ್ತೇ. ಅಣಬೆಗಳು ಎಸೆಯುವುದು ಬೆಳಗಿನ ಹೊತ್ತು, ಬಿಸಿಲೇರಿದರೆ ಮುಗಿಯಿತು.

ಓಬಮ್ಮನ ಫೋನ್ ಗುನುಗಿತು. ವಾಜಿದ್ ಪಿಸುಗುಟ್ಟಿದ: "ಅಕ್ಕ, ಹೋದ ತಿಂಗಳ ಸದ್ದು ಪೂರ್ತಿ ನನ್ನ ಹತ್ರ ಐತೆ. ಕಳಿಸ್ತೀನಿ. ಗೂಟದ ಪಕ್ಕ ಫೋನ್ ಇಟ್ಟು ಹಾಕ್ಬಿಡಿ, ಮೂವತ್ನಾಲ್ಕೂ ಕೇಳಿಸ್ತವೆ. ಯಾರಿಗೆ ಗೊತ್ತಾಗ್ತೈತೆ?"

ಅವಳು ಅಪ್ಪನ ಕಡೆ ನೋಡಿದಳು. ಮಡಿಸಿದ ಕಂಬಳಿಯ ಚೀಲ ಹೆಗಲಿಗೇರಿತ್ತು. ಒಂದು ನಿಮಿಷ, ದೇವರಾಣೆ, ಅವಳ ಬೆರಳು ಹೂಂ ಎನ್ನಲು ತಯಾರಾಗಿತ್ತು. ಆದರೆ ಕೊಟ್ಟಿಗೆಮಹಡಿಯ ಕಾಗದಗಳಲ್ಲಿ ಕರಗದ ಸೆಗಣಿಯನ್ನು ಕರಗುತ್ತದೆ ಎಂದು ವರ್ಷಗಟ್ಟಲೆ ಬರೆದೇ ತಾನೆ ನಾಡು ಈ ಗತಿಗೆ ಬಂದದ್ದು?

"ತಿಪ್ಪೆ ಸಾರಿಸೋ ಕೆಲಸ ಬ್ಯಾಡ ವಾಜಿದಣ್ಣ" ಎಂದು ಫೋನ್ ಇಟ್ಟವಳೇ ನೇರ ಡಾಕ್ಟರ್ ಗಾಂವಕರ್ ಮುಂದೆ ಹೋಗಿ ನಿಂತಳು. ಫೋನಿನಲ್ಲಿ ತಾನು ಹೇಳಿದ್ದು, ಊರವರು ಕೇಳಿಸಿಕೊಂಡದ್ದು, ಸೆಗಣಿ, ಲದ್ದಿ, ಹಿಕ್ಕೆ, ಪೊರಕೆ, ರಂಗೋಲಿ, ಒಂದನ್ನೂ ಬಿಡದೆ ಒಪ್ಪಿಸಿದಳು. "ತಪ್ಪು ನನ್ನದು ಮೇಡಂ. ಇವರು ನಾನು ಹೇಳಿದ್ದನ್ನ ಅಕ್ಷರಕ್ಷರ ಪಾಲಿಸಿದಾರೆ. ನಾನೇ ನಮ್ಮ ಮಾತು ಮರೆತೆ. ಅತ್ತೇನ ಸುಮ್ಮನೆ ಬೈದೆ."

ಸಹಾಯಕನೊಬ್ಬ ನಗು ತಡೆಯಲಾರದೆ ಮುಖ ತಿರುಗಿಸಿದ. ಡಾಕ್ಟರ್ ಗಾಂವಕರ್ ನಗಲಿಲ್ಲ.

"ಗುಡಿಸಿದ್ದು ಎಲ್ಲಿದೆ?" ಎಂದರು. "ಈ ಕಾವಲಿನದೇ ಆಗಿರಬೇಕು, ಊರ ಗಡಿ ದಾಟಿರಬಾರದು. ನಿಯಮ ಕೇಳೋದು ಅಷ್ಟೇ."

ಅಷ್ಟರಲ್ಲಿ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಸಣ್ಣಬೋರಮ್ಮ, ತಾಂಬೂಲದ ತಟ್ಟೆ ಹಿಡಿದು ನಿಂತಿದ್ದಳು. ಸೊಸೆಯ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

"ಮನೆಗೆ ಬಂದೋರು ಕೇಳಿದ್ರೆ ಹೇಳದೆ ಇರಾಕಾಯ್ತದಾ? ಬರ್ರಿ ತಾಯಿ. ಕಂಬಳಿ ಸೊಸೈಟಿ ಗೋಡೌನಿನಾಗೆ ಐತೆ. ಅಂತಾ ಜಾಗಕ್ಕೆ ನಿಮ್ಮನ್ನ ಕರ್ಕಂಡು ಹೋಗಾಕೆ ನಂಗೇ ನಾಚಿಕೆ."

ಗೋಡೌನು ಊರ ಮಗ್ಗುಲಲ್ಲೇ ಇತ್ತು. ಬಾಗಿಲಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಹತ್ತಿರ ಹೋಗುತ್ತಿದ್ದಂತೆ ಓಬಮ್ಮ ತಡೆದು ನಿಂತಳು. ಒಳಗಿನಿಂದ ಎಳ್ಳು ಹುರಿಯುವಾಗಿನ ಸದ್ದು ಬರುತ್ತಿತ್ತು. ಗೂಟ ಬೇಡ, ಯಂತ್ರ ಬೇಡ, ಬರೀ ಕಿವಿಗೆ! ಚಟ್, ಪಟ್, ಚಟಪಟ ಚಟಪಟ.

ಗೋಣಿ ಸರಿಸಿದರು. ಒಳಗೆ ಗೋಡೆಯುದ್ದಕ್ಕೂ ಬಿದಿರಿನ ಮಂಕರಿಗಳ ಸಾಲು, ಒಂದೊಂದರಲ್ಲೂ ಒಂದೊಂದು ಪ್ರಾಣಿಯದು, ಬೇರೆ ಬೇರೆ. ಕತ್ತೆ ಲದ್ದಿಯ ಮೇಲೆ ಗಾಜಿನ ಕಾಡೇ ಎದ್ದಿತ್ತು, ಸಾವಿರಾರು ಟೋಪಿತೂರಗಳು, ಪ್ರತಿಯೊಂದರ ತಲೆಯ ಮೇಲೂ ಕರಿಟೋಪಿ. ಕುರಿ ಹಿಕ್ಕೆಯ ಮೇಲೆ ಸಾಸಿವೆಯಷ್ಟಗಲದ ಹಳದಿ ಬಟ್ಟಲುಗಳು. ಆಡಿನದರ ಮೇಲೆ ಕಿತ್ತಳೆ ಚುಕ್ಕಿ. ಮೊಲದ್ದರ ಮೇಲೆ ಬಿಳಿ ಜುಂಜು. ಮೂಲೆಯಲ್ಲಿ ಮಸಿಛತ್ರಿಗಳು ಮೆರವಣಿಗೆ ಹೊರಟ ಹಾಗೆ ಸಾಲಾಗಿ ನಿಂತಿದ್ದವು. ಇದ್ದ ಒಂದೇ ಕಿಟಕಿಯ ಗಾಜು ಕರಿಟೋಪಿಗಳು ಮೆತ್ತಿಕೊಂಡು ಅರ್ಧಕ್ಕರ್ಧ ಕಪ್ಪಾಗಿತ್ತು.

"ಅಯ್ಯೋ ನಮ್ಮಪ್ಪನೇ!" ಎಂದು ಸಣ್ಣಬೋರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಬೂಷ್ಟು ಹಿಡ್ದೈತಲ್ಲ! ತಪ್ಪು ತಿಳ್ಕಬ್ಯಾಡ್ರಿ ತಾಯಿ, ಈಗಲೇ ಎತ್ತಿಸಿ ಹಾಕ್ತೀನಿ."

"ಯಾರೂ ಏನೂ ಮುಟ್ಟಬಾರದು!" ಎಂದು ಕೂಗಿದರು ಅಳೆದು ತೂಗಿ ಮಾತಾಡುವ ಡಾಕ್ಟರ್ ಗಾಂವಕರ್. ಆಮೇಲೆ ತಾವೇ ನಾಚಿ, ಧ್ವನಿ ತಗ್ಗಿಸಿ ಕೇಳಿದರು. "ಅಮ್ಮ, ಇದನ್ನ ಹೀಗೆ ಬೇರೆ ಬೇರೆ ಮಾಡಿ, ಒದ್ದೆ ಇಟ್ಟು, ಕಿಟಕಿ ಎದುರಿಗೆ ಇಡೋಕೆ ನಿಮಗೆ ಯಾರು ಹೇಳಿಕೊಟ್ಟರು? ನಮ್ಮ ಪ್ರಯೋಗಾಲಯದಲ್ಲಿ ಅಣಬೆ ಬೆಳೆಸೋದೇ ಹೀಗೆ."

"ಇದಕ್ಕೇನು ಹೇಳ್ಕೊಡಾದು? ಕುರಿ ಹಿಕ್ಕೆ ಮೆಣಸಿನ ಗಿಡಕ್ಕೆ, ಆಡಿಂದು ಹೂವಿನ ಗಿಡಕ್ಕೆ. ಲದ್ದಿ ಕುಂಬಾರ್ರು ಒಯ್ತಾರೆ, ಮಣ್ಣಿಗೆ ಕಲಸಾಕೆ. ಮೊಲ, ಜಿಂಕೇದು ಕಾಡಿಂದು, ಊರಿಂದರ ಜೊತೆ ಕೂಡಿಸಬಾರ್ದು. ಧೂಳು ಏಳ್ತೈತೆ ಅಂತ ನೀರು ಚಿಮುಕಿಸಿದ್ವಿ. ನಿಮಗೆ ವಾಸ್ನೆ ಬರಬಾರ್ದು ಅಂತ ಗೋಣಿ ಕಟ್ಟಿದ್ವಿ. ಕಿಟಕಿ ಮೊದ್ಲಿಂದ್ಲೂ ಅಲ್ಲೇ ಐತೆ."

ಸಹಾಯಕರು ಮಂಕರಿ ಮಂಕರಿಗೂ ಗೂಟ ನೆಟ್ಟರು. ಫಲಕದ ಅಂಕಿ ಏರತೊಡಗಿತು. ಇಪ್ಪತ್ತೊಂದು. ಇಪ್ಪತ್ತನಾಲ್ಕು. ಹೊರಗೆ ಸೇರಿದ್ದ ಜನ ಒಂದೊಂದು ಅಂಕಿಯನ್ನೂ ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಇಪ್ಪತ್ತೇಳು. ಇಪ್ಪತ್ತೆಂಟು. ಬಹಳ ಹೊತ್ತಿನ ಮೇಲೆ, ಇಪ್ಪತ್ತೊಂಬತ್ತು. ಆಮೇಲೆ ಇಲ್ಲ.

ಬಿಸಿಲು ಕಿಟಕಿ ದಾಟಿ ಮೇಲೇರುತ್ತಿತ್ತು. ಚಟಪಟ ಸದ್ದು ಕಡಿಮೆಯಾಯಿತು. ಡಾಕ್ಟರ್ ಗಾಂವಕರ್ ಕೃಷ್ಣಮೃಗದ ಹಿಕ್ಕೆಯ ಮಂಕರಿಯ ಮುಂದೆ ಬಗ್ಗಿ ಕೂತರು. ಅದೊಂದೇ ಇನ್ನೂ ಏನೂ ಅಂದಿರಲಿಲ್ಲ. ಬರೀ ಒಂದಿಷ್ಟು ಹಳದಿ ಗುಳ್ಳೆ, ನಕ್ಷತ್ರದ ಹಾಗೆ ಬಾಯಿ ಬಿಟ್ಟಿದ್ದವು. ಕಿಟಕಿಯ ಬೆಳಕು ಅವರ ದಪ್ಪ ಕನ್ನಡಕಕ್ಕೆ ಬಿದ್ದು ಫಳಕ್ಕನೆ ಹೊಳೆಯಿತು. ಅಣಬೆಗಳು ಗುರಿಯಿಡುವುದು ಎಲ್ಲಿ ಬೆಳಕಿದೆಯೋ ಅಲ್ಲಿಗೆ.

ಠಪ್!

ಡಾಕ್ಟರ್ ಗಾಂವಕರ್ ಬೆಚ್ಚಿ ಹಿಂದಕ್ಕೆ ಕೂತುಬಿಟ್ಟರು. ಕನ್ನಡಕದ ಬಲಗಾಜಿನ ನಡುಮಧ್ಯೆ ಎಳ್ಳಿನಷ್ಟು ದೊಡ್ಡ ಕಂದುಗುಂಡು ಅಂಟಿಕೊಂಡಿತ್ತು. ಬೆರಳಿಂದ ಉಜ್ಜಿದರು, ಹೋಗಲಿಲ್ಲ. ಕನ್ನಡಕ ತೆಗೆದು ಹಿಡಿದು, ಬರಿಗಣ್ಣಿಗೆ ಕಾಣದೆ, ಮತ್ತೆ ಹಾಕಿಕೊಂಡು, ಒಂದೇ ಕಣ್ಣಲ್ಲಿ ಫಲಕ ನೋಡಿದರು.

"ಗುಂಡುತೂರ" ಎಂದರು. "ಮೂವತ್ತು."

ಆಮೇಲೆ ಅಲ್ಲಿ ಎದ್ದ ಗದ್ದಲದಲ್ಲಿ ಯಾವ ಕಿವಿಗೂಟಕ್ಕೂ ಏನೂ ಕೇಳಿಸಿರಲಾರದು. ಹೆಂಗಸರು ಕೇಕೆ ಹಾಕಿದರು. ಮತ್ತೆ ಫೋನ್ ಮಾಡಿದ್ದ ವಾಜಿದ್ ಆಚೆಯಿಂದ ಕೂಗುತ್ತಿದ್ದ. ಓಬಮ್ಮ ಅತ್ತೆಯ ಕಾಲಿಗೆ ಬೀಳಲು ಬಗ್ಗಿದವಳು ಅರ್ಧ ದಾರಿಯಲ್ಲೇ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ತಪ್ಪಾತು ಅತ್ತೆ, ತಪ್ಪಾತು."

"ಥೂ, ಬಿಡೇ, ನೆಂಟ್ರ ಮುಂದೆ" ಎಂದಳು ಸಣ್ಣಬೋರಮ್ಮ, ಅವಳ ಕಣ್ಣೂ ಒದ್ದೆಯಾಗಿತ್ತು. "ಬೋರಮ್ಮ ಅಲ್ಲ ಅಂದಿದ್ನಲ್ಲ, ಇನ್ನೊಂದು ಹೆಸರು ನೋಡು ನಂಗೆ." ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು.

ಇನ್ನು ಉಳಿದದ್ದು ಒಂದು ಸಹಿ. ಎಲ್ಲ ಕೆಲಸವೂ ಯಂತ್ರದ ಮೇಲೆ ನಡೆಯುವ ಕಾಲದಲ್ಲೂ ಸರ್ಕಾರಕ್ಕೆ ಕಿಲಾರಿಯ ಕೈಯ ಸಹಿ ಕಾಗದದ ಮೇಲೇ ಬೇಕಿತ್ತು. ನೋಡಿದರೆ ಪಾಲಯ್ಯನೇ ಇಲ್ಲ! ಮೂವತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚೀಲವನ್ನು ಗೋಡೌನಿನ ಬಾಗಿಲಲ್ಲೇ ಬಿಸಾಕಿ, ರೊಪ್ಪದ ಮುಳ್ಳು ಸರಿಸಿ, ಬೆಳಗಿನಿಂದ ಹಸಿದು ನಿಂತಿದ್ದ ಎತ್ತುಗಳನ್ನು ಬಿಟ್ಟುಕೊಂಡು ಹೊರಟುಹೋಗಿದ್ದ.

ಸಮಿತಿಯವರು ಮೊಣಕಾಲುದ್ದದ ಹುಲ್ಲಿನಲ್ಲಿ ಎತ್ತುಗಳ ಹಿಂದೆ ಓಡಬೇಕಾಯಿತು. ಅರ್ಧ ಮೈಲಿಯಾಚೆ ಸಿಕ್ಕಿದ. ಡಾಕ್ಟರ್ ಗಾಂವಕರ್ ಏದುಸಿರು ಬಿಡುತ್ತ ಕಾಗದ ಚಾಚಿದರು. ಪಾಲಯ್ಯ ಕಣ್ಣು ಒರೆಸಿಕೊಂಡ, ಪೆನ್ನು ತೆಗೆದುಕೊಂಡ, ಕಾಗದ ಇಡುವುದಕ್ಕೆ ಜಾಗ ಹುಡುಕಿದ. ಬಯಲಲ್ಲಿ ಮೇಜು ಎಲ್ಲಿ ಬರಬೇಕು? ಪಕ್ಕದಲ್ಲಿ ಮೇಯುತ್ತಿದ್ದ ಹಿರಿಯ ಎತ್ತಿನ ಬೆನ್ನಿಗೆ ಕೈಮುಗಿದು, ಅದರ ಮೇಲೇ ಕಾಗದ ಹರಡಿದ. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ, ಪಾ... ಲ... ಎಂದು ಬರೆಯತೊಡಗಿದ.

ಎತ್ತಿಗೆ ಮುಂದಿನ ಹುಲ್ಲು ಚೆನ್ನಾಗಿ ಕಂಡಿತು. ಅದು ಒಂದು ಹೆಜ್ಜೆ ಮುಂದಿಟ್ಟಿತು. ಸಹಿಯ ಅರ್ಧ ಕಾಗದದ ಮೇಲೆ ಬಿತ್ತು, ಉಳಿದರ್ಧ ಎತ್ತಿನ ಬಿಳಿ ಬೆನ್ನಿನ ಮೇಲೆ.

"ಅಯ್ಯಯ್ಯೋ ತಾಯಿ, ಇನ್ನೊಂದು ಕಾಗದ ಕೊಡ್ರಿ" ಎಂದ ಪಾಲಯ್ಯ ಗಾಬರಿಯಿಂದ.

ಡಾಕ್ಟರ್ ಗಾಂವಕರ್ ಕಾಗದ ನೋಡಿದರು, ಬಾಲ ಬೀಸುತ್ತ ಹುಲ್ಲಿನೊಳಗೆ ದೂರ ದೂರ ಹೋಗುತ್ತಿದ್ದ ಮಿಕ್ಕರ್ಧ ಸಹಿಯನ್ನು ನೋಡಿದರು. ಕಾಗದವನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು.

"ಬೇಡ" ಎಂದರು. "ಅದು ಎಲ್ಲಿರಬೇಕೋ ಅಲ್ಲೇ ಇದೆ."